ನಡುಕಟ್ಟಿನವಳು

ಅಪ್ಪನಿಗೆ ಆ ಮಕ್ಕಳ ಜೊತೆ ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ನುಂಗಲು ಕಷ್ಟಪಡುವ ಮಕ್ಕಳಿಗೆ ಅವಳು ಊಟ ತಿನ್ನಿಸುತ್ತಿದ್ದಳು. ಒಂದು ಚಮಚಕ್ಕೂ ಇನ್ನೊಂದಕ್ಕೂ ನಡುವೆ ಕಾಯುವ ತಾಳ್ಮೆ ಅವಳಿಗಿತ್ತು. ನಾನು ಈಜುಕೊಳದಲ್ಲಿ ನಿಂತು, ತೇಲಲು ಕಲಿಯುವ ಮಕ್ಕಳ ತಲೆಗೆ ಅಂಗೈ ಕೊಡುತ್ತಿದ್ದೆ. ಎಂಟು ವರ್ಷದ ತಂಗಿ ಬ್ರೂನಾ ಸುಮ್ಮನೆ ಅವರ ಜೊತೆ ಆಡುತ್ತಿದ್ದಳು, ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುತ್ತಿದ್ದದ್ದು ಅದೇ. ಹೀಗೆ ಪ್ರತಿ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಯ ನಾಲ್ವರೂ ನಮ್ಮ ವಾಲ್ಸ್ ಊರಿನ ಅಂಚಿನಲ್ಲಿದ್ದ ಅಂಗವಿಕಲ ಮಕ್ಕಳ ಶಾಲೆಗೆ ಹೋಗುತ್ತಿದ್ದೆವು. ಅಪ್ಪ ಕೊಳಾಯಿ ಕೆಲಸದವನು. ಮೊದಲ ತಿಂಗಳಲ್ಲೇ ಶಾಲೆಯ ಅಷ್ಟೂ ನಲ್ಲಿಗಳನ್ನು ರಿಪೇರಿ ಮಾಡಿ ಮುಗಿಸಿ, ಆಮೇಲೆ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತ.

ನಲ್ಲಿ ಬಿಟ್ಟರೆ ಅವನಿಗೆ ತಿಳಿದಿದ್ದದ್ದು ಗೋಪುರ ಒಂದೇ. ನಮ್ಮೂರಿನ ಹಬ್ಬಗಳಲ್ಲಿ ನಿಲ್ಲಿಸುವ ಮನುಷ್ಯರ ಗೋಪುರ. ಭುಜದ ಮೇಲೆ ಕಾಲು, ಆ ಕಾಲಿನವನ ಭುಜದ ಮೇಲೆ ಇನ್ನೊಬ್ಬನ ಕಾಲು, ಕೊನೆಗೆ ತುದಿಯಲ್ಲಿ ಒಂದು ಮಗು ಕೈ ಎತ್ತಬೇಕು. ನಮ್ಮ ತಂಡಕ್ಕೆ ಅಪ್ಪ ನಾಯಕ. ಅಮ್ಮ, ನಾನು ಬುಡದ ಗುಂಪಿನಲ್ಲಿ ಒತ್ತಿಕೊಂಡು ತಲೆ ತಗ್ಗಿಸಿ ನಿಲ್ಲುವವರು. ಮೇಲೆ ಏನಾಗುತ್ತಿದೆಯೆಂದು ಓಲಗದ ರಾಗ ಕೇಳಿಯೇ ತಿಳಿದುಕೊಳ್ಳುತ್ತೇವೆ. ತುದಿಯ ಮಗು ನಮ್ಮ ಬ್ರೂನಾ.

ಆದ್ದರಿಂದ ಅಪ್ಪ ತನ್ನ ಬಳಿಯಿದ್ದದ್ದನ್ನೇ ಕೊಟ್ಟ. ಜೂನ್ ತಿಂಗಳ ಶಾಲಾ ಹಬ್ಬಕ್ಕೆ ನಮ್ಮ ತಂಡ ಬಂದು ಅಂಗಳದಲ್ಲಿ ಆರು ಅಂತಸ್ತು ನಿಲ್ಲಿಸುತ್ತದೆ ಎಂದು ಘೋಷಿಸಿದ. "ಕೊನೇಲಿ ಅಬ್ರಿಲ್‌ನ ಎತ್ತಿ ಹೆಗಲ ಮೇಲೆ ಕೂರಿಸ್ಕೋತೀವಿ. ಒಳ್ಳೇ ಫೋಟೋ ಬರುತ್ತೆ."

ಟೀಚರುಗಳು ಚಪ್ಪಾಳೆ ತಟ್ಟಿದರು. ಅಬ್ರಿಲ್ ತಟ್ಟಲಿಲ್ಲ. ಅವಳು ಆ ಶಾಲೆಯ ಹುಡುಗಿ, ಹದಿನಾಲ್ಕು ವರ್ಷ. ಕಾಲುಗಳು ಅವಳ ಮಾತು ಕೇಳುವುದಿಲ್ಲ. ನಾಲಿಗೆ ಕೇಳುತ್ತದೆ, ಆದರೆ ನಿಧಾನಕ್ಕೆ. ಚಿಕ್ಕಂದಿನಿಂದ ಗಾಲಿಕುರ್ಚಿ ತಳ್ಳಿ ತಳ್ಳಿ ತೋಳು ಮಾತ್ರ ಬಡಗಿಯ ತೋಳಿನಂತಾಗಿದೆ. ಮಾತಿಗೆ ಅಷ್ಟು ಶ್ರಮ ಬೀಳುವುದರಿಂದ ಅವಳು ಒಂದು ಪದವನ್ನೂ ದಂಡ ಮಾಡುವವಳಲ್ಲ.

"ನಾನು. ಮೂಟೆ. ಅಲ್ಲ."

"ಅಯ್ಯೋ, ಮೂಟೆ ಅಂದೋರು ಯಾರಮ್ಮಾ! ಮತ್ತೇನು ಬೇಕು ನಿಂಗೆ?"

"ಕೆಲಸ."

ಅಪ್ಪ ಕುತ್ತಿಗೆ ಕೆರೆದುಕೊಂಡ. ಬುಡದಲ್ಲಿ ನಿಲ್ಲಿಸುವಂತಿಲ್ಲ, ಮೇಲಿನಿಂದ ಯಾರಾದರೂ ಬಿದ್ದರೆ ಕುರ್ಚಿಯ ಕಬ್ಬಿಣಕ್ಕೆ ಬೆನ್ನು ಮುರಿಯುತ್ತದೆ ಎಂದು ಸುತ್ತುಬಳಸದೆ ಹೇಳಿದ. ಅಬ್ರಿಲ್ ಎರಡು ಶುಕ್ರವಾರ ಅವನತ್ತ ತಿರುಗಿಯೂ ನೋಡಲಿಲ್ಲ.

ಮೂರನೆಯ ಶುಕ್ರವಾರ ಕಿಟಕಿಯ ಸರಳಿಗೆ ಬಳಿದ ಹೊಸ ಬಣ್ಣ ಇನ್ನೂ ಒಣಗಿರಲಿಲ್ಲ. ಹಬ್ಬದ ಅಭ್ಯಾಸಕ್ಕೆ ಅಪ್ಪನಿಗೆ ಆ ಸರಳು ಬೇಕಿತ್ತು. ಗೋಪುರದವರೆಲ್ಲ ಸೊಂಟಕ್ಕೆ ಮೊಳಗಟ್ಟಲೆ ಉದ್ದದ ಕಪ್ಪು ನಡುಕಟ್ಟು ಸುತ್ತಿಕೊಳ್ಳುತ್ತೇವೆ. ಬೆನ್ನಿಗೆ ಅದೇ ಬಲ, ಹತ್ತುವವರಿಗೆ ಅದೇ ಮೆಟ್ಟಿಲು. ಒಬ್ಬರೇ ಸುತ್ತಿಕೊಳ್ಳಲಾಗದು. ಆ ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿಯಬೇಕು, ಈ ತುದಿಯಲ್ಲಿ ನಾವು ಬುಗುರಿಯಂತೆ ತಿರುಗುತ್ತ ಬಟ್ಟೆಯೊಳಕ್ಕೆ ಸೇರಿಕೊಳ್ಳಬೇಕು. ಹಿಡಿಯುವವರಿಲ್ಲದಾಗ ಕಿಟಕಿಗೆ ಗಂಟು ಹಾಕುತ್ತೇವೆ.

"ಯಾರಾದ್ರೂ ಹಿಡ್ಕೊಳ್ರಪ್ಪಾ!" ಎಂದು ಅಪ್ಪ ಕೂಗಿದ.

ಅಬ್ರಿಲ್ ಕುರ್ಚಿಯ ಬ್ರೇಕು ಹಾಕಿ, ಬಟ್ಟೆಯ ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದಳು. ನೂರು ಕಿಲೋ ತೂಕದ ಅಪ್ಪ ಮುಗ್ಗರಿಸಿದ. ಅವನು ತಿರುಗಿ ತಿರುಗಿ ಅವಳ ಹತ್ತಿರ ಬಂದು ನಿಂತಾಗ ಅವಳು ಬಟ್ಟೆಯನ್ನು ಬೆರಳಿನಿಂದ ಮೀಟಿದಳು.

"ಸಡಿಲ. ಮತ್ತೆ."

ಮೂರು ಸಲ ತಿರುಗಿಸಿದಳು. ಅಮ್ಮ ಊಟದ ಬಟ್ಟಲು ಕೆಳಗಿಟ್ಟು, "ಇಪ್ಪತ್ತೈದು ವರ್ಷದಿಂದ ನನ್ನ ಕೈಲಿ ಆಗದ್ದನ್ನ ಈ ಹುಡುಗಿ ಮಾಡಿದ್ಲು ನೋಡು" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅಂದಿನಿಂದ ತಂಡದವರು ಒಬ್ಬೊಬ್ಬರಾಗಿ ಶುಕ್ರವಾರ ಬರತೊಡಗಿದರು. ಅಬ್ರಿಲ್‌ಗೆ ಬಟ್ಟೆಯಿಂದಲೇ ಎಲ್ಲ ತಿಳಿಯುತ್ತಿತ್ತು. ಯಾರು ಉಸಿರು ಬಿಗಿಹಿಡಿದಿದ್ದಾರೆ, ಯಾರು ಹೊಟ್ಟೆ ಒಳಕ್ಕೆಳೆದು ತೆಳ್ಳಗಿರುವಂತೆ ನಟಿಸುತ್ತಿದ್ದಾರೆ. "ಹೊಟ್ಟೆ. ಬಿಡು" ಎಂದು ನನಗೂ ಗದರಿದ್ದಾಳೆ. ಅವರೆಲ್ಲ "ಆಗಲಿ ಮೇಡಂ" ಎನ್ನುವರು, ಅಪ್ಪ ಅವಳ ತಲೆಯ ಮೇಲಿನಿಂದ ಅವರಿಗೆ ಕಣ್ಣು ಹೊಡೆಯುವನು. ಪಾಪ, ಹುಡುಗಿ ಖುಷಿಪಡಲಿ, ಎಂಬ ಕಣ್ಣು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಕಣ್ಣು. ಎದುರಿನ ಕಿಟಕಿಯ ಗಾಜಿನಲ್ಲಿ ಅಬ್ರಿಲ್‌ಗೆ ಅದು ಕಾಣುತ್ತಿತ್ತು. ಕಾಣುತ್ತಿತ್ತೆಂದು ನನಗೆ ಗೊತ್ತಿತ್ತು, ಆದರೂ ನಾನು ಅಪ್ಪನಿಗೆ ಹೇಳಲಿಲ್ಲ.

ಹಬ್ಬದ ದಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಮೇಜುಗಳ ಮೇಲೆ ಸಕ್ಕರೆ ಪಾಕದ ಹಣ್ಣು ಹಾಕಿದ ಕೇಕುಗಳು ಬಿಸಿಲಿಗೆ ಅಂಟಂಟಾಗಿದ್ದವು. ಅಂಗಳದ ತುಂಬ ಅಪ್ಪ ಅಮ್ಮಂದಿರು, ಕುರ್ಚಿಗಳು, ನಮ್ಮ ತಂಡದ ಕಡುಗೆಂಪು ಅಂಗಿಗಳು. ಅಬ್ರಿಲ್ ನೆರಳಿನಲ್ಲಿ ಬ್ರೇಕು ಹಾಕಿ ಕೂತು ಬೆಳಗಿನಿಂದ ನಲವತ್ತು ಜನರನ್ನು ಬಿಗಿದಿದ್ದಳು. ಕೊನೆಗೆ ಹೆಲ್ಮೆಟ್ ಹಾಕಿಕೊಂಡ ಬ್ರೂನಾ ಬಂದಳು.

ಏಪ್ರಿಲ್‌ನ ಅಭ್ಯಾಸದಲ್ಲಿ ಬ್ರೂನಾ ತುದಿಯಿಂದ ಬಲೆಯೊಳಕ್ಕೆ ಬಿದ್ದಿದ್ದಳು. ಏನೂ ಆಗಿರಲಿಲ್ಲ. ಏನೂ ಆಗಿಲ್ಲ ಎಂದು ನಾವೆಲ್ಲ ಎಷ್ಟು ಸಲ ಹೇಳಿದ್ದೆವೆಂದರೆ, ಬೇರೆ ಏನನ್ನಾದರೂ ಹೇಳಲು ಅವಳಿಗೆ ಜಾಗವೇ ಉಳಿದಿರಲಿಲ್ಲ.

ಬ್ರೂನಾ ತಿರುಗಿದಳು. ಮುಗಿಯಿತು. ಅಬ್ರಿಲ್ ಬಟ್ಟೆಯ ತುದಿ ಬಿಡಲಿಲ್ಲ.

"ಬಿಡಮ್ಮಾ, ಎಲ್ಲ ಕಾಯ್ತಿದಾರೆ" ಎಂದ ಅಪ್ಪ. ಓಲಗದವರು ಆಗಲೇ ತುಟಿಗೆ ವಾದ್ಯ ಇಟ್ಟಿದ್ದರು.

"ಇವಳು. ಹತ್ತಲ್ಲ."

"ಏನು?"

"ಬಟ್ಟೆ. ನಡುಗ್ತಿದೆ."

"ಗಾಳಿಗೆ ಕಣೇ."

"ಗಾಳಿ. ಇಲ್ಲ."

ಅಪ್ಪ ನಕ್ಕು, ಅಭ್ಯಾಸಬಲದಿಂದ ಹಿಂದಿದ್ದವರಿಗೆ ಕಣ್ಣು ಹೊಡೆದ. ಅಬ್ರಿಲ್‌ಳ ಮುಖ ಕೆಂಪಾಯಿತು, ಆದರೂ ಬಟ್ಟೆ ಒಂದಿಂಚೂ ಸಡಿಲವಾಗಲಿಲ್ಲ. "ನಾಯಕ್ರೇ. ಮುಟ್ಟಿ. ನೋಡಿ."

"ಬ್ರೂನಾ, ಹೇಗಿದೀಯ ಪುಟ್ಟಿ?"

"ಚೆನ್ನಾಗಿದೀನಿ ಅಪ್ಪಾ." ಗಲ್ಲ ಎತ್ತಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು.

ತುದಿ ಬಿಡಿಸಿಕೊಳ್ಳಲೆಂದು ಅಪ್ಪ ಇಬ್ಬರ ನಡುವೆ ಬಿಗಿದು ನಿಂತಿದ್ದ ಬಟ್ಟೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ನೀರು ಹರಿಯುತ್ತಿದೆಯೇ ಎಂದು ಪೈಪಿನ ಮೇಲೆ ಬೆರಳಿಟ್ಟು ನೋಡುತ್ತಾನಲ್ಲ, ಹಾಗೆ ಎರಡು ಬೆರಳು ಇಟ್ಟುಕೊಂಡು ತುಂಬ ಹೊತ್ತು ನಿಂತ. ಅವನ ಮುಖವನ್ನು ನಾನು ನೋಡಬಾರದಿತ್ತೇನೋ. ನೋಡಿದೆ.

"ಇವತ್ತು ತುದಿ ಇಲ್ಲ" ಎಂದು ಅವನು ತಂಡದತ್ತ ತಿರುಗಿದ. "ಐದಕ್ಕೇ ನಿಲ್ಲಿಸೋಣ."

ತುದಿಯಿಲ್ಲದ ಗೋಪುರವನ್ನು ನಮ್ಮೂರಿನಲ್ಲಿ ಯಾರೂ ಗೋಪುರವೆನ್ನುವುದಿಲ್ಲ. ಗೊಣಗಾಟ ಶುರುವಾಯಿತು. "ಇಷ್ಟೆಲ್ಲ ಜನಾನ ಕರ್ಸಿ ಈಗ್ಯಾಕೆ? ಯಾರು ಬೇಡ ಅಂದಿದ್ದು?" ಎಂದು ಯಾರೋ ಹಿಂದಿನಿಂದ ಕೂಗಿದರು.

"ನಡುಕಟ್ಟಿನವಳು" ಎಂದ ಅಪ್ಪ. "ಅವಳು ಬೇಡ ಅಂದ್ರೆ ಬೇಡ."

ನಡುಕಟ್ಟಿನವಳು ಎಂಬ ಹುದ್ದೆ ನಮ್ಮ ತಂಡದಲ್ಲಿ ಆ ಕ್ಷಣದವರೆಗೆ ಇರಲಿಲ್ಲ. ಆದರೆ ಓಲಗದವರು ವಾದ್ಯ ಕೆಳಗಿಳಿಸಿದರು.

ಬಿಚ್ಚಬೇಕಾದರೆ ಉಲ್ಟಾ ತಿರುಗಬೇಕು. ಬ್ರೂನಾ ತಿರುಗತೊಡಗಿದಳು, ಅಬ್ರಿಲ್ ಬಟ್ಟೆಯನ್ನು ಗುಡ್ಡೆ ಗುಡ್ಡೆಯಾಗಿ ಮಡಿಲಿಗೆ ಎಳೆದುಕೊಳ್ಳುತ್ತ ಹೋದಳು. ಕೊನೆಯ ಸುತ್ತಿಗೆ ತಂಗಿ ಆ ಗುಡ್ಡೆಯ ಮೇಲೇ ಬಂದು ಬಿದ್ದು, ಹೆಲ್ಮೆಟ್ ಸಮೇತ ಮುಖ ಹುದುಗಿಸಿ ಜೋರಾಗಿ ಅತ್ತಳು. ಎರಡು ತಿಂಗಳ ಅಳು.

"ಮೂಗು. ನನ್ನ ಅಂಗಿಗೆ. ಬೇಡ" ಎಂದಳು ಅಬ್ರಿಲ್, ಅವಳ ಬೆನ್ನು ಸವರುತ್ತ.

"ಯಾವತ್ತೂ ಹತ್ತಬಾರ್ದಾ ನಾನು?"

"ಬಟ್ಟೆ. ಹೇಳುತ್ತೆ."

ಅಷ್ಟರಲ್ಲಿ ಅಪ್ಪ ತನ್ನ ನಡುಕಟ್ಟನ್ನು ಬಿಚ್ಚಿಕೊಂಡು ಬಂದ. ಬೆಳಿಗ್ಗೆ ಅವಳೇ ಬಿಗಿದದ್ದು, ಸಡಿಲವಾಗಿರಲಿಲ್ಲ. ತುದಿಯನ್ನು ಅವಳ ಕೈಗೆ ಕೊಟ್ಟು, ದೂರ ಹೋಗಿ, ಬಾಲಕನಂತೆ ತೋಳು ಮೇಲೆತ್ತಿ ತಿರುಗಿ ತಿರುಗಿ ಬಂದು ನಿಂತ. ಯಾರ ಕಡೆಗೂ ನೋಡಲಿಲ್ಲ, ಅವಳನ್ನು ಮಾತ್ರ ನೋಡಿದ.

ಅಬ್ರಿಲ್ ಬಟ್ಟೆಯನ್ನು ಮೀಟಿದಳು. ಬೇಕೆಂದೇ ತಡಮಾಡಿದಳು.

"ಸಡಿಲ" ಎಂದಳು. "ಮತ್ತೆ."

ಅಪ್ಪ ಮತ್ತೆ ದೂರಕ್ಕೆ ನಡೆದ.