ಹೇರಳೆ ಹಿಂಡಿದ ಕೋಳಿ

ಲಾರಿಯ ಹಿಂಬಾಗಿಲು ತೆರೆದಾಗ ತಣ್ಣನೆಯ ಹೊಗೆ ಹೊರಗೆ ಬರಬೇಕಿತ್ತು. ಬಂದದ್ದು ಬಿಸಿಯುಸಿರು. ನೆರೈದಾ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಸೂಪರ್‌ಮಾರ್ಕೆಟ್ಟಿನ ಮಾಂಸದ ಕಟ್ಟೆಯಲ್ಲಿ ಅವಳ ಜೊತೆಗೆ ನಿಲ್ಲುವ ಯುದೆಲ್ಕಾ ಏಪ್ರನ್ನಿನ ಅಂಚಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು:

“ಏನೋ ವಿಲ್ಕಿನ್, ಕೋಳಿ ತಂದ್ಯೋ ಹೆಣ ತಂದ್ಯೋ?”

“ಅಂಗಡೀಲಿ ಮಾರೋ ಕೋಳಿ ಜೀವಂತ ಇರುತ್ತೇನಕ್ಕಾ?” ಎಂದು ಡ್ರೈವರ್ ನಗಲು ನೋಡಿದ. ನಗು ಮೂಡಲಿಲ್ಲ. ದನಿ ತಗ್ಗಿಸಿದ. “ನನ್ನ ಬೈಬೇಡಿ. ಸಾಂತೊ ದೊಮಿಂಗೊ ದಾಟಿದ ಮೇಲೆ ತಂಪಿನ ಯಂತ್ರ ಆಫ್ ಮಾಡು, ಇಲ್ಲಿಗೆ ಬರೋ ಹೊತ್ತಿಗೆ ಆನ್ ಮಾಡು ಅಂತ ಕಂಪನಿಯೋರೇ ಹೇಳಿರೋದು. ಡೀಸೆಲ್ ಉಳಿಸ್ಬೇಕಂತೆ. ಇವತ್ತು ಕಬ್ಬಿನ ಲಾರಿ ಮಗುಚಿ ರಸ್ತೆ ಕಟ್ಟಿಹೋಗಿತ್ತು. ಬಿಸಿಲಲ್ಲಿ ನಿಂತೇ ಇದ್ದೆ. ಆಮೇಲೆ ಆನ್ ಮಾಡಿದ್ರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯ್ತು.”

ನೆರೈದಾ ಒಂದು ಕೋಳಿಯನ್ನು ಎತ್ತಿ ನೋಡಿದಳು. ನೆನೆದ ಸೋಪಿನ ಹಾಗೆ ಕೈಯಿಂದ ಜಾರಿತು. ರೆಕ್ಕೆಯ ಸಂದಿಯಲ್ಲಿ ತೆಳ್ಳಗೆ ಹಸಿರು ಹಿಡಿದಿತ್ತು.

ಒಳಗಿನ ತಂಪುಕೋಣೆಯ ಗತಿಯೂ ಅಷ್ಟರಲ್ಲೇ ಇತ್ತು. ಊರಿನ ಕರೆಂಟ್ ಹೋದ ಕೂಡಲೇ ಸೂಪರ್‌ಮಾರ್ಕೆಟ್ಟಿನ ಜನರೇಟರ್ ಗುಡುಗುತ್ತಿತ್ತು, ನಿಜ. ಅದರ ಕರೆಂಟ್ ಹೋಗುತ್ತಿದ್ದದ್ದು ಮುಂದಿನ ಮಾರಾಟದ ಹಜಾರದ ಏಸಿಗೆ, ದೀಪಗಳಿಗೆ, ದುಡ್ಡೆಣಿಸುವ ಯಂತ್ರಗಳಿಗೆ. ಹಿಂದಿನ ಕೋಣೆಗೆ ಹೋಗುವ ತಂತಿಯನ್ನು ಯಾವತ್ತೋ ಕಳಚಿ ಗೋಡೆಗೆ ಸುತ್ತಿಟ್ಟಿದ್ದರು. ಗಿರಾಕಿ ಬೆವರಬಾರದು, ಕೋಳಿ ಬೆವರಿದರೆ ಅಡ್ಡಿಯಿಲ್ಲ.

ಮ್ಯಾನೇಜರ್ ಪೋರ್ತೆಸ್ ಬಂದ. ಇಸ್ತ್ರಿ ಮಾಡಿದ ಅಂಗಿ, ಸೆಂಟಿನ ಘಮ. ಲಾರಿಯೊಳಕ್ಕೆ ಇಣುಕಲೂ ಇಲ್ಲ.

“ತೊಳೀರಿ. ಹೇರಳೆ ಹಿಂಡಿ ಉಜ್ಜಿ, ಮಸಾಲೆ ಹಚ್ಚಿ ಪ್ಯಾಕ್ ಮಾಡಿ. ‘ಮಸಾಲೆ ಕೋಳಿ, ವಾರದ ಆಫರ್’ ಅಂತ ಬೋರ್ಡ್ ಹಾಕಿ.”

“ಸಾರ್, ಇದು ಕೊಳೆತಿದೆ,” ಎಂದಳು ನೆರೈದಾ.

“ಕೊಳೆತಿಲ್ಲ, ಸ್ವಲ್ಪ ದಣಿದಿದೆ. ಹೇಗೂ ಮನೆಗೆ ಒಯ್ದು ಅವರೂ ತೊಳೀತಾರಲ್ಲಮ್ಮ. ನಿಮ್ಮ ಕೇರಿ ಹೆಂಗಸರು ತೊಳೆಯದೆ ಒಲೆ ಮೇಲಿಡ್ತಾರಾ? ಎರಡು ಸಲ ತೊಳೆದಿದ್ದಾಯ್ತು, ಇನ್ನೂ ಶುದ್ಧ.” ಹೊರಟವನು ತಿರುಗಿ ನಿಂತ. “ಬೇಡ ಅನ್ನೋರು ಏಪ್ರನ್ ಬಿಚ್ಚಿಟ್ಟು ಹೋಗಬಹುದು. ಗೇಟಿನ ಹತ್ರ ಕೆಲಸ ಕೇಳ್ಕೊಂಡು ನಿಂತಿರೋರಿಗೇನು ಬರವಿಲ್ಲ.”

ಈ ದ್ವೀಪದಲ್ಲಿ ಹೇರಳೆ ಹಿಂಡದ ಕೋಳಿಯನ್ನು ಯಾವ ತಾಯಿಯೂ ಬೇಯಿಸುವುದಿಲ್ಲ. ಆ ಹುಳಿಹಣ್ಣನ್ನು ಎರಡು ಹೋಳು ಮಾಡಿ, ಹೋಳಿನಿಂದಲೇ ಚರ್ಮ ತಿಕ್ಕಿ, ಉಪ್ಪುನೀರಲ್ಲಿ ಜಾಲಾಡಿದ ಮೇಲೆಯೇ ಅದು ಅಡುಗೆಯ ಪದಾರ್ಥವಾಗುವುದು. ಅದಕ್ಕೆ ಮುಂಚೆ ಬರೀ ಹೆಣ. ಹೇರಳೆ ಘಮ್ಮೆಂದರೆ ಶುದ್ಧ ಎಂದು ಇಲ್ಲಿಯ ಮೂಗುಗಳು ತೊಟ್ಟಿಲಲ್ಲೇ ಕಲಿತುಬಿಡುತ್ತವೆ. ಬಡವರ ಮನೆಗಳಿಂದ ಕಂಪನಿಯವರು ಕಲಿತ ಪಾಠ ಇದೊಂದೇ. ಕಲಿತದ್ದನ್ನು ಬಡವರ ಬಾಯಿಗೇ ತುರುಕಿದರು.

ನೆರೈದಾ ತೊಳೆದಳು. ಎರಡು ಮಕ್ಕಳ ಸ್ಕೂಲು, ಸಮುದ್ರದ ಕಡೆ ಹೋಗಿ ಕಾಗದವನ್ನೂ ಹಾಕದ ಗಂಡ, ತಿಂಗಳ ಬಾಡಿಗೆ. ಎಲ್ಲವೂ ಅವಳ ಮೊಣಕೈ ಹಿಡಿದುಕೊಂಡು ತೊಳೆಸಿದವು. ಹೆದ್ದಾರಿಯಾಚೆ ಮಹಡಿ ಮನೆಗಳವರು ಬಂದು ಒಯ್ಯುತ್ತಾರೆ, ನಮ್ಮವರು ಈ ಅಂಗಡಿಯ ಕೋಳಿ ಎಲ್ಲಿ ಕೊಳ್ಳುತ್ತಾರೆ ಎಂದುಕೊಂಡಳು. ಬೆಳ್ಳುಳ್ಳಿ, ಓರೆಗಾನೊ, ಹೇರಳೆಯ ರಸ, ಚಿಟಿಕೆ ಸುಟ್ಟ ಸಕ್ಕರೆ. ಸುಟ್ಟ ಸಕ್ಕರೆ ಅವಳ ಕೈಗುಣ. ಅದನ್ನು ಕಲಿಸಿದವಳು ಕ್ಲೋದೋಮಿರಾ.

ಕ್ಲೋದೋಮಿರಾ ಅವಳ ಮದ್ರೀನಾ. ಎಂದರೆ, ಇಗರ್ಜಿಯಲ್ಲಿ ತಲೆಗೆ ನೀರೆರೆಯುವಾಗ ಮಗುವನ್ನು ಎತ್ತಿ ಹಿಡಿದು, ಇದು ಇನ್ನು ಮುಂದೆ ನನ್ನದೂ ಹೌದು ಎಂದು ಒಪ್ಪಿಕೊಂಡವಳು. ತಾಯಿ ಸತ್ತ ಮೇಲೆ ನೆರೈದಾಳನ್ನು ಸಾಕಿದವಳೂ ಅವಳೇ. ಅಲ್ಮೆಂದ್ರೋಸ್ ಕೇರಿಯ ಬೇಸ್‌ಬಾಲ್ ಮೈದಾನದ ಮೂಲೆಯಲ್ಲಿ ಅವಳದೊಂದು ಕರಿದ ಕೋಳಿಯ ಗಾಡಿ. ಭಾನುವಾರ ಆಟ ಮುಗಿದರೆ ಸೋತವರೂ ಗೆದ್ದವರೂ ಅವಳ ಬಾಣಲೆಯ ಮುಂದೆ ಒಂದೇ ಸಾಲಲ್ಲಿ ನಿಲ್ಲುತ್ತಿದ್ದರು. “ಮುದುಕಿ, ನಂಗೆ ಕಾಲು!” “ನಿಂಗೆ ಕಾಲು ಯಾಕೋ, ಓಡೋಕೆ ಬರಲ್ಲ ನಿಂಗೆ. ಕತ್ತು ತಗೋ,” ಎಂದು ಬೈದೇ ಬಡಿಸುತ್ತಿದ್ದಳು.

ಅವಳು ಯಾವಾಗಲೂ ಸಂತೆಯಲ್ಲಿ ಜೀವಂತ ಕೋಳಿಯನ್ನು ಆರಿಸಿ ಕಣ್ಣೆದುರೇ ಕೊಯ್ಯಿಸಿ ತರುತ್ತಿದ್ದವಳು. ಆ ಶನಿವಾರ ಎಣ್ಣೆ ಕೊಳ್ಳಲು ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದಳು. ಆಫರಿನ ಪೊಟ್ಟಣ ಎತ್ತಿ ಮೂಗಿಗೆ ಹಿಡಿದಳಂತೆ. ಹೇರಳೆ, ಸುಟ್ಟ ಸಕ್ಕರೆ. ಪಕ್ಕದಲ್ಲಿದ್ದವರಿಗೆಲ್ಲ ತೋರಿಸಿದಳಂತೆ: “ಇದು ನನ್ನ ಮಗಳ ಕೈ ಕಣ್ರೇ. ನೋಡಿ, ಕಂಪನಿಯೋರೂ ಅವಳ ಕೈ ಮಾರ್ಕೊಂಡು ಬದುಕ್ತಾವ್ರೆ!” ಚೀಲ ತುಂಬಿಸಿಕೊಂಡಳಂತೆ. ಭಾನುವಾರದ ಆಟಕ್ಕೆ ಅದನ್ನೇ ಕರಿದಳಂತೆ.

ಇದೆಲ್ಲ ನೆರೈದಾಳಿಗೆ ತಿಳಿದದ್ದು ಸೋಮವಾರ, ಕೇರಿ ಇಡೀ ವಾಂತಿ ಮಾಡುತ್ತಿದ್ದಾಗ.

ಮನೆ ಮನೆಯ ಹಿಂದೆ ಬಕೆಟ್ಟು. ಆಸ್ಪತ್ರೆಯ ಹಜಾರದಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು. ಎದುರು ಮನೆಯ ಫಿಯೋರಳ ಸಣ್ಣ ಮಗಳ ಕೈಗೆ ಸೂಜಿ ಚುಚ್ಚಲು ನರವೇ ಸಿಗದೆ ಪಾದಕ್ಕೆ ಚುಚ್ಚಿದ್ದರು. ನಗರದ ಆರೋಗ್ಯ ಇಲಾಖೆಯವರು ಜೀಪಿನಲ್ಲಿ ಬಂದರು. ಅವರ ಜೊತೆ ಕಂಪನಿಯ ಟೈ ಕಟ್ಟಿದವನೊಬ್ಬ. ಅಂಗಡಿಯ ಕಡೆಗೆ ಹೋಗಲಿಲ್ಲ, ನೇರ ಕ್ಲೋದೋಮಿರಾಳ ಹಿತ್ತಿಲಿಗೆ ನಡೆದರು. ಅವಳ ಹಳೇ ಫ್ರಿಜ್ಜಿನ ಬಾಗಿಲು ತೆರೆದು ಕೈಯಿಟ್ಟು ನೋಡಿದರು. ಬೆಳಗಿನಿಂದ ಕೇರಿಗೆ ಕರೆಂಟ್ ಇರಲಿಲ್ಲ.

“ಬೆಚ್ಚಗಿದೆ,” ಎಂದ ಟೈ ಕಟ್ಟಿದವನು, ಕಳ್ಳನನ್ನು ಹಿಡಿದ ಖುಷಿಯಲ್ಲಿ. “ನಮ್ಮಲ್ಲಿಂದ ಹೊರಟಾಗ ಮಾಲು ಸರಿಯಾಗೇ ಇತ್ತು. ಹಾಳಾಗಿದ್ದು ಇಲ್ಲಿ. ಇವರು ಸರಿಯಾಗಿ ತೊಳೆದೂ ಇರಲ್ಲ.”

ಗಾಡಿಗೆ ಹಳದಿ ಪಟ್ಟಿ ಸುತ್ತಿ ಮೊಹರು ಹಾಕಿದರು. ಫ್ರಿಜ್ಜು ಖಾಲಿ ಮಾಡಿಸಿ, ಬಾಗಿಲು ತೆರೆದೇ ಇರಲಿ ಎಂದು ಅಪ್ಪಣೆ ಕೊಟ್ಟು ಹೋದರು. ಕೇರಿಗೆ ಕರೆಂಟ್ ಕೊಡದವರನ್ನು ಯಾರೂ ಕೇಳಲಿಲ್ಲ. ರಸ್ತೆಯುದ್ದಕ್ಕೂ ತಂಪಿನ ಯಂತ್ರ ಆಫ್ ಮಾಡಿಕೊಂಡು ಬಂದ ಲಾರಿಯನ್ನು ಯಾರೂ ಕೇಳಲಿಲ್ಲ. ಅಪರಾಧಿ ಒಂದು ಮುದುಕಿ, ಮತ್ತು ಮುದುಕಿಯ ಫ್ರಿಜ್ಜು.

ಬೈದವರೂ ಕೇರಿಯವರೇ. “ದುಡ್ಡಿನಾಸೆಗೆ ನಮ್ಮ ಮಕ್ಕಳಿಗೆ ವಿಷ ಹಾಕಿದ್ಲು,” ಎಂದು ಫಿಯೋರ್ ಬೀದಿಯಲ್ಲಿ ನಿಂತು ಕೂಗಿದಳು. ಕ್ಲೋದೋಮಿರಾ ಎದುರಾಡಲಿಲ್ಲ. ಅದೇ ನೆರೈದಾಳನ್ನು ಕೊಂದದ್ದು. ಇಡೀ ಕೇರಿಯನ್ನು ಬೈಗುಳದಲ್ಲೇ ಆಳಿದ ಹೆಂಗಸು ಹಿತ್ತಿಲಿನ ಕಲ್ಲಿನ ಮೇಲೆ ಕೂತು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

“ಪ್ಯಾಕಿನ ಮೇಲೇ ಘಮ್ ಅಂತಿತ್ತು ಕಣೇ. ನಿನ್ನ ಕೈ ಅಲ್ವಾ ಅಂತ ನಾನು ಒಂದೇ ಸಲ ತೊಳೆದೆ. ಯಾವಾಗ್ಲೂ ಮೂರು ಸಲ ತೊಳೆಯೋಳು. ಮೈಗಳ್ಳತನ ಮಾಡ್ಬಿಟ್ಟೆ. ಕೈ ಹಳಸಿಹೋಯ್ತು ನಂದು.”

“ಹಾಗಲ್ಲ ಮದ್ರೀನಾ...”

“ಇನ್ನೇನು ಮತ್ತೆ? ಮಗುಗೆ ಪಾದಕ್ಕೆ ಸೂಜಿ ಹಾಕವ್ರೆ ಅಂತೆ ಕಣೇ. ಪಾದಕ್ಕೆ!”

ನೆರೈದಾ ಎದ್ದು ಮನೆಗೆ ಹೋದಳು.

ಮುಂದಿನ ಶನಿವಾರಕ್ಕೆ ರಾಜಧಾನಿಯ ಕಂಪನಿ ಕಚೇರಿಯಿಂದ ಅಪ್ಪಣೆ ಬಂತು. ಮಾಂಸದ ವ್ಯಾಪಾರ ಕುಸಿದಿದೆ, ಗಿರಾಕಿಗಳಿಗೆ ತಿಳಿವಳಿಕೆ ಕೊಡಬೇಕು. ಬಾಗಿಲ ಮುಂದೆ ಶಾಮಿಯಾನ, ಆಳೆತ್ತರದ ಸ್ಪೀಕರು, ಎದೆ ನಡುಗಿಸುವ ಹಾಡು. ಕಂಪನಿಯ ಟಿ-ಶರ್ಟು ತೊಟ್ಟ ಹುಡುಗಿಯೊಬ್ಬಳು ಮೈಕು ಹಿಡಿದು ಕುಣಿಯುತ್ತಿದ್ದಳು. ಮೇಜಿನ ಮೇಲೆ ಗಾಜಿನ ಬೋಗುಣಿ, ಹೇರಳೆಯ ರಾಶಿ. ಮೇಲೆ ಬಟ್ಟೆಯ ಫಲಕ: ‘ಅಮ್ಮಂದಿರೇ, ಚೆನ್ನಾಗಿ ತೊಳೆಯಿರಿ!’

“ನೀನು ತೊಳೆದು ತೋರಿಸ್ಬೇಕು,” ಎಂದ ಪೋರ್ತೆಸ್ ನೆರೈದಾಳಿಗೆ. “ಕೇರಿಯವಳು ಹೇಳಿದ್ರೆ ಕೇರಿಯವರು ಕೇಳ್ತಾರೆ. ಇದು ಚೆನ್ನಾಗಿ ಆಗ್ಲಿ, ಕಟ್ಟೆಗೆ ನಿನ್ನನ್ನೇ ಮುಖ್ಯಸ್ಥೆ ಮಾಡ್ತೀನಿ.”

ಅವಳಿಗಾಗಿ ಒಳ್ಳೆಯ ಕೋಳಿಯೊಂದನ್ನು ಐಸಿನಲ್ಲಿ ಹೂತಿಟ್ಟಿದ್ದರು. ತರಲು ಹಿಂದಕ್ಕೆ ಹೋದ ನೆರೈದಾ ಐಸಿನ ಪೆಟ್ಟಿಗೆಯ ಮುಂದೆ ನಿಂತಳು. ಪಕ್ಕದಲ್ಲಿ ಬೆಳಗಿನ ಲಾರಿಯಿಂದ ಇಳಿಸಿದ ಕ್ರೇಟುಗಳಿದ್ದವು. ಯುದೆಲ್ಕಾ ಹೇರಳೆ ಕೊಯ್ಯುತ್ತಾ ಕೂತಿದ್ದವಳು ತಲೆಯೆತ್ತಿದಳು. ನೆರೈದಾ ಕ್ರೇಟಿಗೆ ಕೈ ಹಾಕಿದ್ದನ್ನು ನೋಡಿದಳು. ತನ್ನ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟಳು.

ಹೊರಗೆ ಹೆಂಗಸರು ಸೇರಿದ್ದರು. ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಫಿಯೋರ್ ಮುಂದೆಯೇ ಇದ್ದಳು. ಮಗು ಒಣಗಿದ ಬಳ್ಳಿಯಂತೆ ಜೋತುಬಿದ್ದಿತ್ತು. ಹಿಂದೆ, ಕರೆಂಟ್ ಕಂಬದ ಮರೆಯಲ್ಲಿ, ಕ್ಲೋದೋಮಿರಾ. ಪಕ್ಕದವಳು ಮೂದಲಿಸಿದಳು: “ನೀನ್ಯಾಕಮ್ಮ ಬಂದೆ ಇಲ್ಲಿಗೆ?”

“ಎಲ್ಲಿ ತಪ್ಪಿದೆ ಅಂತ ನೋಡ್ಕೊಂಡು ಹೋಗೋಣ ಅಂತ,” ಎಂದಳು ಮುದುಕಿ ಮೆಲ್ಲಗೆ.

ಆ ಮಾತು ನೆರೈದಾಳ ಕಿವಿಗೆ ಬಿತ್ತು. ಕೋಳಿ ತಿಕ್ಕುವುದನ್ನು ಅವಳ ಕೈ ಹಿಡಿದು ಕಲಿಸಿದವಳು ಇಂದು ಕಲಿಯಲು ಬಂದು ನಿಂತಿದ್ದಳು.

“ಮೊದಲು ಏನ್ ಮಾಡ್ಬೇಕು, ಹೇಳಿ ಹೇಳಿ!” ಎಂದು ಮೈಕಿನ ಹುಡುಗಿ ಕುಣಿದಳು. “ಹೇರಳೆ ಹಿಂಡ್ಬೇಕು, ಅಲ್ವಾ?”

“ಮೊದಲು ಮೂಸ್ಬೇಕು,” ಎಂದಳು ನೆರೈದಾ.

ತಂದ ಕೋಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಹರಿದಳು. ಕೋಳಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನಾಚೆ ಬಾಗಿ ಫಿಯೋರಳ ಮುಖದ ಹತ್ತಿರ ತಂದಳು. ಫಿಯೋರ್ ಮಗುವಿನ ಮುಖವನ್ನು ಕೈಯಿಂದ ಮುಚ್ಚಿ ಹಿಂದಕ್ಕೆ ಹಾರಿದಳು.

“ಥೂ! ಏನಿದು?”

“ಇವತ್ತಿನದು. ಈಗ ತಾನೇ ಲಾರಿಯಿಂದ ಇಳಿದದ್ದು. ಹೋದ ವಾರದ್ದೂ ಹೀಗೇ ಇತ್ತು.”

“ಹೇರಳೆ ಹಿಂಡಕ್ಕಾ, ಹೇರಳೆ ಹಿಂಡು,” ಎಂದು ಹುಡುಗಿ ನಗುತ್ತಲೇ ಗಾಬರಿಯಾದಳು.

“ಹಿಂಡಲ್ಲ! ಹಿಂಡಿ ಹಿಂಡಿಯೇ ನಿಮ್ಮ ಹೊಟ್ಟೆಗೆ ಹಾಕಿದ್ದು. ಕ್ಲೋದೋಮಿರಾ ತಂದಾಗಲೇ ಅದು ಕೊಳೆತಿತ್ತು. ಕೊಳೆತದ್ದನ್ನ ಘಮಘಮ ಮಾಡಿ ಅವಳಿಗೆ ಮಾರಿದ್ರು. ತೊಳೆದಿದ್ದು ಈ ಕೈ. ನಂದೇ.”

ಪೋರ್ತೆಸ್ ಬೆರಳಾಡಿಸಿ ಸನ್ನೆ ಮಾಡಿದ. ಮೈಕು ಸತ್ತಿತು, ಹಾಡು ಜೋರಾಯಿತು. ನೆರೈದಾಳ ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಷ್ಟರಲ್ಲಿ, ದಿನವೂ ಹೋಗುವ ಹಾಗೆ, ಊರಿನ ಕರೆಂಟ್ ಹೋಯಿತು. ಹಾಡು ಅರ್ಧಕ್ಕೇ ಕತ್ತು ಮುರಿದುಕೊಂಡು ಬಿತ್ತು. ಆ ಮೌನದಲ್ಲಿ ಫಿಯೋರ್ ಮಗುವನ್ನು ಪಕ್ಕದವಳ ಕೈಗೆ ಕೊಟ್ಟು, ಮೇಜನ್ನು ಸುತ್ತಿ ಬಂದು, ನೆರೈದಾಳ ಕೆನ್ನೆಗೆ ಬಾರಿಸಿದ ಸದ್ದು ಎಲ್ಲರಿಗೂ ಕೇಳಿಸಿತು.

“ನಿಂಗೆ ಗೊತ್ತಿತ್ತು!”

“ಗೊತ್ತಿತ್ತು.”

“ಗೊತ್ತಿದ್ದೂ!”

“ಇನ್ನೂ ಹೊಡಿ. ಆದ್ರೆ ಮೊದಲು ಒಳಗೆ ಬಾ.” ಜನರೇಟರ್ ಗುಡುಗಿತು. ಗಾಜಿನ ಬಾಗಿಲಿನ ಹಿಂದೆ ಹಜಾರದ ದೀಪಗಳು ಹೊತ್ತಿಕೊಂಡವು, ಏಸಿಯ ಗಾಳಿ ಬೀಸಿತು. “ಅಮ್ಮನೋರೆಲ್ಲ ಬನ್ನಿ. ಕೋಳಿ ಕೋಣೆಗೆ ಕರೆಂಟ್ ಬಂತಾ ಅಂತ ನಿಮ್ಮ ಕೈಯಲ್ಲೇ ಮುಟ್ಟಿ ನೋಡಿ.”

“ಸಿಬ್ಬಂದಿ ಬಿಟ್ಟು ಯಾರೂ ಒಳಗೆ ಹೋಗ್ಬಾರ್ದು!” ಪೋರ್ತೆಸ್ ಬಾಗಿಲಿಗೆ ಅಡ್ಡ ನಿಂತ. ಫಿಯೋರ್ ಅವನ ಇಸ್ತ್ರಿ ಅಂಗಿಯನ್ನು ಎದೆಯ ಹತ್ತಿರ ಹಿಡಿದು ಪಕ್ಕಕ್ಕೆ ಸರಿಸಿದಳು, ಪರದೆ ಸರಿಸಿದ ಹಾಗೆ. ಹೆಂಗಸರು ಒಳಗೆ ನುಗ್ಗಿದರು. ತಂಪು ಹಜಾರವನ್ನು ದಾಟಿ, ಬಿಸ್ಕತ್ತಿನ ಸಾಲುಗಳನ್ನು ದಾಟಿ, ಹಿಂದಿನ ದಪ್ಪ ಬಾಗಿಲಿನ ಹಿಡಿಕೆ ಎಳೆದರು. ಕತ್ತಲು. ಬೆವರು. ಗೋಡೆಗೆ ಸುತ್ತಿಟ್ಟ ತಂತಿ. ಕ್ರೇಟುಗಳಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಒಬ್ಬಳು ಅಲ್ಲೇ ಬಗ್ಗಿ ಕಾರಿದಳು. ಮತ್ತೊಬ್ಬಳು ಕ್ರೇಟೊಂದನ್ನು ಎತ್ತಿ ಹಜಾರದ ಬಿಳಿಯ ನೆಲದ ಮೇಲೆ ಸುರಿದಳು. ಆಮೇಲೆ ಎಲ್ಲರೂ ಸುರಿದರು.

ನೆರೈದಾ ಏಪ್ರನ್ ಬಿಚ್ಚಿ ಹೇರಳೆಯ ರಾಶಿಯ ಮೇಲಿಟ್ಟಳು. ಕಂಬದ ಹತ್ತಿರ ಯಾರೂ ಇರಲಿಲ್ಲ.

ಕ್ಲೋದೋಮಿರಾ ಹಿತ್ತಿಲಿನ ಕಲ್ಲಿನ ಮೇಲೆ ಕೂತಿದ್ದಳು. ನೆರೈದಾ ಬಂದು ಎದುರು ನಿಂತಳು. ಹೊತ್ತು ಇಳಿಯುತ್ತಿತ್ತು. ಕೆನ್ನೆಯ ಮೇಲೆ ಫಿಯೋರಳ ಬೆರಳುಗಳು ಇನ್ನೂ ಮೂಡಿಕೊಂಡೇ ಇದ್ದವು.

“ಆರು ದಿನ,” ಎಂದಳು ಮುದುಕಿ. “ಆರು ದಿನ ನನ್ನ ಕೈಯನ್ನ ನಾನೇ ಶಪಿಸ್ಕೊಂಡೆ. ನೀನು ಇದೇ ಕಲ್ಲಿನ ಹತ್ರ ನಿಂತು ನೋಡಿದೆ.”

“ಹೂಂ.”

“ಹೂಂ ಅಂತಾಳೆ, ನಾಚಿಕೆಗೆಟ್ಟೋಳು.”

ನೆರೈದಾಳ ಕೈಗಳಿಂದ ಲಾರಿಯ ವಾಸನೆ ಬರುತ್ತಿತ್ತು. ಅದು ಮುದುಕಿಗೂ ಬಡಿಯಿತು. ಮೂಗು ಅರಳಿಸಿ ಒಂದು ಸಲ ಪೂರ್ತಿಯಾಗಿ ಎಳೆದುಕೊಂಡಳು, ಸಂತೆಯಲ್ಲಿ ಕೋಳಿಯನ್ನು ಪರೀಕ್ಷಿಸುವಾಗಿನಂತೆ. ಎದ್ದು ಗೋಡೆಯ ಪಕ್ಕದ ಗಿಡದಿಂದ ಹೇರಳೆಯೊಂದನ್ನು ಕಿತ್ತಳು. ಹಲ್ಲಿನಿಂದಲೇ ಸಿಪ್ಪೆ ಕಚ್ಚಿ, ಎರಡು ಹೋಳು ಮಾಡಿದಳು.

“ಇಲ್ಲಿ ಕೊಡು.”

ಕೈಗಳನ್ನು ಎಳೆದುಕೊಂಡು ತಿಕ್ಕತೊಡಗಿದಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ಚಾಕು ತಾಗಿ ಸೀಳಿದ ಗಾಯಗಳಿಗೆ ರಸ ಇಳಿದು ಉರಿ ಹತ್ತಿತು. ನೆರೈದಾ ಹಲ್ಲು ಕಚ್ಚಿದಳು, ಕೈ ಎಳೆದುಕೊಳ್ಳಲಿಲ್ಲ. ಮುದುಕಿ ಹಿಡಿತ ಸಡಿಲಿಸಲೂ ಇಲ್ಲ, ಮುಖ ನೋಡಲೂ ಇಲ್ಲ. ಮೊದಲ ಹೋಳು ಹಿಂಡಿ ನಾರಾಯಿತು. ಎರಡನೆಯದನ್ನು ತೆಗೆದುಕೊಂಡಳು.

ಕೇರಿಯ ಆ ತುದಿಯಿಂದ ಮಕ್ಕಳ ಕೂಗು ಎದ್ದಿತು: “ಬಂತು! ಬಂತು!” ಮನೆಯಿಂದ ಮನೆಗೆ ಕೂಗು ಹಾರಿತು, ಎಲ್ಲೋ ರೇಡಿಯೊ ಬಡಕೊಂಡಿತು. ಹಿತ್ತಿಲಿನ ಮೂಲೆಯಲ್ಲಿ ಹಳೇ ಫ್ರಿಜ್ಜು ಒಮ್ಮೆ ನಡುಗಿ ಗುಂಯ್‌ಗುಡತೊಡಗಿತು. ತೆರೆದ ಬಾಗಿಲೊಳಗೆ ಸಣ್ಣ ದೀಪ ಹೊತ್ತಿಕೊಂಡು, ಖಾಲಿ ಕಂಬಿಗಳ ನೆರಳು ಇಬ್ಬರ ಒದ್ದೆ ಕೈಗಳ ಮೇಲೆ ಬಿತ್ತು.