ದೋಣಿಯಲ್ಲಿ ಮಲಗಿದ ಸ್ವಾಮಿ

ಪರದೆಯಕ್ಕನ ಗಂಡ ಚರ್ಚಿನಲ್ಲಿ ಪಾದ್ರಿಗಳ ಉಪದೇಶದ ಪ್ರಸಂಗ ಶುರುವಾಗುವುದೇ ತಡ ನಿದ್ದೆ ಹೋಗುತ್ತಿದ್ದ. ಅಲ್ಲಿ ನಿದ್ದೆ ಹೋಗುವವರು ಇನ್ನೂ ಹಲವರಿದ್ದರು. ಆದರೆ ಅವರೆಲ್ಲ ಪ್ರಾರ್ಥನೆಯಲ್ಲಿದ್ದವರಂತೆ ತಲೆ ತಗ್ಗಿಸಿ, ಸದ್ದಿಲ್ಲದೆ ತೂಕಡಿಸುವ ಮರ್ಯಾದಸ್ಥರು. ಇವನದು ಗೊರಕೆ. ಬಾಯ್ಲರ್ ಕಾರ್ಖಾನೆಯಲ್ಲಿ ವಯಸ್ಸೆಲ್ಲ ಸವೆಸಿ ಎರಡೂ ಕಿವಿ ಕಳೆದುಕೊಂಡಿದ್ದ ಅವನಿಗೆ ತನ್ನ ಗೊರಕೆಯೂ ಕೇಳಿಸುತ್ತಿರಲಿಲ್ಲ, ಪಾದ್ರಿಗಳ ಪ್ರಸಂಗವೂ ಕೇಳಿಸುತ್ತಿರಲಿಲ್ಲ. ಉಳಿದವರಿಗೆ ಎರಡೂ ಕೇಳಿಸುತ್ತಿದ್ದವು, ಗೊರಕೆ ತುಸು ಸ್ಪಷ್ಟವಾಗಿ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚ್ ಕಮಿಟಿಯ ಹಿರಿಯರಾದ ಮೇಷ್ಟ್ರು ಪರದೆಯಕ್ಕನನ್ನು ಬಾಗಿಲ ಹತ್ತಿರ ತಡೆದರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಅವರು ಎಲ್ಲರಿಗೂ ಮೇಷ್ಟ್ರೇ.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಯಜಮಾನ್ರನ್ನ ಸ್ವಲ್ಪ ಎಬ್ಬಿಸಿ ಇಟ್ಕೊಳ್ಳೋಕೆ ಆಗಲ್ವಾ?"

"ಎಬ್ಬಿಸಿದ್ರೆ 'ಏನಾಯ್ತು?' ಅಂತ ಕೂಗ್ತಾರೆ ಮೇಷ್ಟ್ರೇ. ಅದಕ್ಕಿಂತ ಗೊರಕೆ ಮೇಲು."

"ಹಾಗಾದ್ರೆ ಮನೇಲೇ ಇರ್ಲಿ. ದೇವರು ಅಲ್ಲೂ ಇದಾನೆ."

ಮನೆಗೆ ಬಂದು ಅವಳು ಕೈಸನ್ನೆ, ಬಾಯಿಸನ್ನೆ ಎಲ್ಲ ಸೇರಿಸಿ ಗಂಡನಿಗೆ ವಿಷಯ ಮುಟ್ಟಿಸಿದಳು. ಅವನು ಸಿಟ್ಟಾಗಲಿಲ್ಲ. "ಅಲ್ಲಿ ಏನು ನೋಡ್ಕೊಂಡು ಎಚ್ಚರ ಇರ್ಲಿ ಹೇಳು? ಬರೀ ಸುಣ್ಣದ ಗೋಡೆ" ಎಂದ, ಎಂದಿನಂತೆ ಬೀದಿಗೆಲ್ಲ ಕೇಳುವ ಹಾಗೆ.

ಆ ಮಾತು ಅವಳ ಮನಸ್ಸಿಗೆ ನಾಟಿತು. ಜನರ ಕಿಟಕಿಗಳಿಗೆ ಪರದೆ ಹೊಲಿಯುವುದು ಅವಳ ಕಸುಬು. ಚರ್ಚಿನ ಗೋಡೆಗೊಂದು ಬಟ್ಟೆಯ ಚಿತ್ರ ಹೊಲಿಯಲು ಮಾರನೆಯ ದಿನವೇ ಮಂಚದ ಕೆಳಗಿನಿಂದ ಉಳಿಕೆ ಬಟ್ಟೆಗಳ ಗಂಟು ಎಳೆದು ಬಿಚ್ಚಿದಳು. ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಸ್ವಾಮಿ ಗಾಳಿ, ಅಲೆಗಳನ್ನು ನಿಲ್ಲಿಸಿದ ಬೈಬಲ್ ಕಥೆಯನ್ನು ಆರಿಸಿದ್ದು ದೈವಪ್ರೇರಣೆಯೆಂದು ಆಮೇಲೆ ಪಾದ್ರಿಗಳು ಹೇಳಿದರು. ನಿಜ ಸಂಗತಿಯೆಂದರೆ ನೀಲಿ ಬಟ್ಟೆ ಧಾರಾಳವಾಗಿತ್ತು. ಹೋಟೆಲಿನ ಪರದೆ ಸಮುದ್ರವಾಯಿತು, ಅಸ್ತರಿನ ಬಿಳಿ ತುಂಡು ನೊರೆಯಾಯಿತು. ದೋಣಿಯೊಳಗೆ ಶಿಷ್ಯರೆಲ್ಲ ಬಾಯಿ ತೆರೆದು ಕಿರಚುತ್ತಿದ್ದರು.

ಗೋಡೆಯಗಲದ ಆ ಬಟ್ಟೆಯನ್ನು ಕಮಿಟಿಯ ಮುಂದೆ ಹರಡಿದಾಗ ಮೇಷ್ಟ್ರು ಕನ್ನಡಕ ಏರಿಸಿದರು.

"ಸ್ವಾಮಿ ಎಲ್ಲಿ?"

"ಹಿಂದುಗಡೆ, ದಿಂಬಿನ ಮೇಲೆ."

"ಮಲಗಿದಾರಲ್ಲ! ಚರ್ಚಲ್ಲಿ ನಿದ್ದೆ ಬೇಡ ಅಂದ್ರೆ ಸ್ವಾಮಿನೇ ಮಲಗಿಸಿ ತಂದಿದೀರಾ?"

ಪಾದ್ರಿಗಳು ಬೈಬಲ್ ತೆರೆದು, ಬೆರಳಿಟ್ಟು ಓದಿಕೊಂಡರು. "ಮಲಗಿದ್ರು ಮೇಷ್ಟ್ರೇ. ದಿಂಬೂ ಇದೆ."

"ಕಣ್ಣಾದ್ರೂ ತೆರೆಸಿ ಅಕ್ಕಾ. ಎರಡು ಹೊಲಿಗೆ ಸಾಕು."

"ಅಷ್ಟು ಗಲಾಟೇಲಿ ಕಣ್ಬಿಟ್ಕೊಂಡು ದಿಂಬಿಗೆ ಒರಗಿದ್ರೆ ಸೋಮಾರಿ ಅನ್ಕೊಳ್ಳಲ್ವಾ ಜನ?"

ಪಾದ್ರಿಗಳಿಗೆ ಕೆಮ್ಮು ಬಂತು. ಒಂದು ಭಾನುವಾರದ ಮಟ್ಟಿಗೆ ಕಟ್ಟಿ ನೋಡೋಣ ಎಂದು ತೀರ್ಮಾನವಾಯಿತು.

ಆ ಭಾನುವಾರ ಅವಳ ಗಂಡ ನಿದ್ದೆ ಮಾಡಲಿಲ್ಲ. ಬೆಂಚಿನ ತುದಿಗೆ ಬಂದು, ಮೈಯೆಲ್ಲ ಕಣ್ಣಾಗಿ ಬಟ್ಟೆಯನ್ನೇ ನೋಡುತ್ತ ಕೂತ. ಪರದೆಯಕ್ಕನಿಗೆ ಎದೆಯ ಭಾರ ಇಳಿದಂತಾಯಿತು. ಪಾದ್ರಿಗಳು ವಿಧೇಯತೆಯ ಬಗ್ಗೆ ಮಾತಾಡುತ್ತಿದ್ದಾಗ ಅವನು ಇದ್ದಕ್ಕಿದ್ದಂತೆ ಅವಳ ತೋಳು ಹಿಡಿದು ಅಲ್ಲಾಡಿಸಿದ.

"ಎಲ್ರೂ ಅಷ್ಟು ಕಿರಚ್ತಿದಾರೆ, ಅವನಿಗೆ ಗೊತ್ತೇ ಆಗ್ತಿಲ್ಲ ನೋಡು! ಅವನಿಗೂ ಕಿವಿ ಕೇಳಲ್ಲ ಕಣೇ!"

ಇಡೀ ಚರ್ಚು ತಿರುಗಿ ನೋಡಿತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಂಡನ ಮುಖ ನೋಡಿದಳು. ಬಹುಕಾಲದ ಮೇಲೆ ತನ್ನ ಕಡೆಯವನೊಬ್ಬ ಸಿಕ್ಕಿದಂಥ ಸಂತೋಷ ಅಲ್ಲಿತ್ತು. ಬಾಯಿ ಮುಚ್ಚಿಸಲು ಎತ್ತಿದ ಕೈಯನ್ನು ಅವಳು ಹಾಗೇ ಇಳಿಸಿದಳು.

ಪಾದ್ರಿಗಳು ನಾಚಿಕೆಯ ಮನುಷ್ಯ. ಪ್ರಸಂಗದುದ್ದಕ್ಕೂ ಪೀಠವನ್ನು ಬಿಗಿಯಾಗಿ ಹಿಡಿದೇ ನಿಲ್ಲುವವರು. ಅಂಥವರು ಪೀಠ ಬಿಟ್ಟು ಬಂದು ಬಟ್ಟೆಯ ಮುಂದೆ ನಿಂತು, ಕೆನ್ನೆ ಉಬ್ಬಿಸಿ ಗಾಳಿಯಾದರು. ಮಕ್ಕಳು ಕಿಸಕ್ಕೆಂದರು. ಪಾದ್ರಿಗಳು ಶಿಷ್ಯರಂತೆ ಬಟ್ಟೆಯೊಳಗಿನ ಸ್ವಾಮಿಯ ಭುಜ ಹಿಡಿದು ಗಡಗಡ ಅಲ್ಲಾಡಿಸಿದರು. ಆಮೇಲೆ ತಾವೇ ಸ್ವಾಮಿಯಾಗಿ ಕಣ್ಣುಜ್ಜಿ, ಎದ್ದವರಂತೆ ಸೆಟೆದು ನಿಂತರು.

"ಆಮೇಲೆ?" ಅವಳ ಗಂಡ ಕೂಗಿದ.

ಪಾದ್ರಿಗಳು ಅಂಗೈ ಅಗಲಿಸಿ, ಮಗುವಿನ ಬೆನ್ನು ಸವರುವಂತೆ ಆ ನೀಲಿಯ ಮೇಲೆ ಮೆಲ್ಲಗೆ ಕೈಯಾಡಿಸಿದರು.

"ಓಹೋ, ನಿಂತೇಹೋಯ್ತಾ!" ಅವನು ಬೆಂಚಿಗೆ ಒರಗಿ ಉಸಿರು ಬಿಟ್ಟ.

"ಆಮೆನ್" ಎಂದಿತು ಒಂದು ದನಿ. ಅದು ತಮ್ಮದಲ್ಲವೆಂದು ಮೇಷ್ಟ್ರು ಈಗಲೂ ಸಾಧಿಸುತ್ತಾರೆ.

ವಿಧೇಯತೆಯ ಪ್ರಸಂಗ ಅಲ್ಲಿಗೇ ನಿಂತಿತು. ಅದು ಹೇಗೆ ಮುಗಿಯಬೇಕಿತ್ತೆಂದು ಯಾರೂ ಕೇಳಲಿಲ್ಲ. ಹೊರಗೆ ಬಂದಾಗ ಪರದೆಯಕ್ಕ ಹೇಗಿತ್ತೆಂದು ಗಂಡನಿಗೆ ಸನ್ನೆ ಮಾಡಿದಳು. ಹೊಗಳುತ್ತಾನೆಂದು ಅವಳಿಗೆ ಆಸೆ.

"ಚೆನ್ನಾಗಿದೆ" ಎಂದ ಅವನು, ಇಡೀ ಸಭೆಗೆ ಕೇಳುವಂತೆ. "ಆದ್ರೆ ದೋಣಿಗೆ ಚುಕ್ಕಾಣಿನೇ ಇಲ್ವಲ್ಲೇ!"

ಸೋಮವಾರ ಬೆಳಿಗ್ಗೆ ಅವಳು ಕಂದು ಬಟ್ಟೆಯ ತುಂಡು ಹಿಡಿದು ಚರ್ಚಿನಲ್ಲಿ ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದುಕೊಂಡಿದ್ದ ಮೇಷ್ಟ್ರು, "ಇನ್ನೂ ಸ್ವಲ್ಪ ಎಡಕ್ಕೆ ಅಕ್ಕಾ" ಎನ್ನುತ್ತಿದ್ದರು.