ಕಾಸಿದ ಹಲಗೆ

ಹೂವಪ್ಪ ಬಾರಿಸಿದ ಹಲಗೆಯನ್ನು ಗೌಡರ ಶಿದ್ಲಿಂಗಪ್ಪನ ಮಗ ಸುಭಾಸ ಮೊಬೈಲಿನಲ್ಲಿ ಹಿಡಿದುಕೊಂಡ. ಅದರ ಕೆಳಗೆ ಗುಡುಗುವ ಬಾಸು ಸೇರಿಸಿದ. ಮೇಲೆ ‘ಡಿಜೆ ಸುಭಾಸ’ ಎಂದು ತನ್ನ ಹೆಸರು ಕೂಗಿಸಿದ. ತನ್ನ ಹಾಡೆಂದು ಊರಿಗೆಲ್ಲ ಬಿಟ್ಟ. ಆ ವರ್ಷದಿಂದ ಮದುವೆಗಳಿಗೆ ಹೂವಪ್ಪನನ್ನು ಕರೆಯುವುದು ನಿಂತಿತು. ಹೆಣದ ಮುಂದೆ ಬಾರಿಸಲು, ಡಂಗುರ ಸಾರಲು ಕರೆಯುವುದು ನಿಲ್ಲಲಿಲ್ಲ.

ಹಾಡು ಶಿಗ್ಗಾವಿಯ ಗಡಿ ದಾಟಿತು. ಹಾನಗಲ್ಲಿನ ಮದುವೆಗಳಲ್ಲಿ, ಹಿರೇಕೆರೂರಿನ ಗಣಪತಿ ಮೆರವಣಿಗೆಗಳಲ್ಲಿ, ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೋಡೆಯ ಹಾಗೆ ಪೇರಿಸಿದ ಬಾಕ್ಸುಗಳಿಂದ ಅದೇ ಪೆಟ್ಟು ಹೊರಟಿತು. ಹುಡುಗರು ಅಂಗಿ ಬಿಚ್ಚಿ ಕುಣಿದರು. ಇದು ಯಾರ ಕೈ ಎಂದು ಒಬ್ಬರೂ ಕೇಳಲಿಲ್ಲ. ಹೆಸರು ಮೇಲೆಯೇ ಕೂಗುತ್ತಿತ್ತಲ್ಲ, ಕೇಳುವುದು ಯಾಕೆ?

ಹೂವಪ್ಪನ ಮಗಳು ಸಂಘಮಿತ್ರಾಗೆ ಮಾತ್ರ ಆ ಹಾಡು ಬೆನ್ನು ಬಿಡಲಿಲ್ಲ. ಶಿಗ್ಗಾವಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳಿಗೆ ಹಾಡು ಕೂಡಿಸುವ ಕೆಲಸ ಅವಳದು. ಮದುಮಗನ ಕಡೆಯವರು ಬಂದು ಕೂತರೆ ಸಾಕು, ‘ಆ ಸುಭಾಸಂದು ಹಲಗಿ ಬೀಟ್ ಹಾಕ್ರಿ’ ಅನ್ನುತ್ತಿದ್ದರು. ಅವಳು ಹಾಕಬೇಕು. ಅಪ್ಪನ ಹಲಗೆಯನ್ನು ಇನ್ನೊಬ್ಬನ ಹೆಸರಿನ ಸಮೇತ ಕತ್ತರಿಸಿ, ಮಗಳೇ ಅಂಟಿಸಬೇಕು.

ಒಂದು ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು.

“ಅಪ್ಪಾ, ಈ ಸಲ ಬಾಬಾಸಾಹೇಬರ ಜಯಂತಿಗೆ ನಮ್ಮ ಹಾಡು ನಾವ ಮಾಡೂಣು. ನಿನ್ನ ಹಲಗಿ. ನಿನ್ನ ಹೆಸರು.”

ಹೂವಪ್ಪ ಗೂಟಕ್ಕೆ ನೇತುಹಾಕಿದ್ದ ಹಲಗೆಯ ಕಡೆ ನೋಡಿದ. “ಹಲಗಿಗೆ ಎಂಥಾ ಹೆಸರವ್ವಾ? ಬಾರಿಸಿದ್ರ ಕೇಳ್ತೈತಿ, ನಿಂತ್ರ ಮುಗೀತು.”

“ಮುಗೀಲಿಲ್ಲಲ್ಲ. ಇನ್ನೂ ಬಾರಿಸಾಕತ್ತೈತಿ. ಅವನ ಹೆಸರಿಲೆ.”

ಅವಳ ತಮ್ಮ ಲೋಹಿತ ಗೂಡ್ಸ್ ಆಟೊ ಓಡಿಸುವವನು. ಮಾತು ಕೇಳಿದ್ದೇ ತಡ, ಅವನ ಕಣ್ಣು ಅಗಲವಾದವು. “ಹಂಗಾದ್ರ ಮೊದಲ ಬಾಕ್ಸ್ ತರೂಣಕ್ಕಾ. ಲೈಟ್ ಇರೂವು, ನನ್ನ ಎತ್ತರದವು. ಸುಭಾಸನ ಬಾಕ್ಸಿಗೆ ನಮ್ಮ ಬಾಕ್ಸ್ ಎದರು ನಿಲ್ಬೇಕು.”

“ಮೊದಲ ಮೈಕು,” ಎಂದಳು ಸಂಘಮಿತ್ರಾ. “ಆಮ್ಯಾಲ ಮೈಕಿನ ದನಿ ಲ್ಯಾಪ್‌ಟಾಪಿಗೆ ಹಾಕೂ ಇಂಟರ್‌ಫೇಸ್. ಆಮ್ಯಾಲ ಹೆಡ್‌ಫೋನ್, ಮನ್ಯಾಗ ಕೇಳಾಕ ಎರಡು ಸಣ್ಣ ಸ್ಪೀಕರ್, ಹಾಡು ತಿರುವಾಕ ಒಂದು ಕಂಟ್ರೋಲರ್. ಬಾಕ್ಸಿನ ಮಾತ ಆಡಬ್ಯಾಡ.”

“ಜಯಂತಿ ದಿನ ಓಣಿ ಮಂದೆಲ್ಲ ಹೆಡ್‌ಫೋನ್ ಹಾಕ್ಕೊಂಡು ಕುಣಿಯೂಣೇನು?”

ಅವ್ವ ಅಡಿವೆವ್ವ ಒಲೆಯ ಮುಂದಿನಿಂದಲೇ ನಕ್ಕಳು. “ನಿನ್ನ ತಲೀಗೆ ಹೆಡ್‌ಫೋನ್ ಎಲ್ಲಿ ಹಿಡಿಸ್ತೈತೋ ಮಗನ, ಕೂದಲಾ ನೋಡು!”

ಸವಣೂರಿನಲ್ಲಿ ಮುಜಮ್ಮಿಲನ ಅಂಗಡಿ. ಹೊಸದು, ಹಳೆಯದು, ರಿಪೇರಿಗೆ ಬಂದು ಹೊರಳಿ ಹೋಗದೆ ಉಳಿದದ್ದು, ಎಲ್ಲವೂ ಒಂದರ ಮೇಲೊಂದು ಅಲ್ಲಿ ಇರುತ್ತಿದ್ದವು. ಅಪ್ಪ, ಮಗಳು, ಮಗ ಮೂವರೂ ಆಟೊದಲ್ಲಿ ಹೋದರು. ಹೂವಪ್ಪನ ಬಗಲಲ್ಲಿ ಹಲಗೆಯೂ ಇತ್ತು. ಸಂಘಮಿತ್ರಾ ಹಟ ಮಾಡಿ ತರಿಸಿದ್ದಳು.

“ಏನ ಬೇಕ್ರಿ ತಂಗಿ? ಎದಿ ನಡುಗೂದು ಬೇಕೋ, ಕಿಡಕಿ ನಡುಗೂದು ಬೇಕೋ?” ಎಂದ ಮುಜಮ್ಮಿಲ.

“ಖರೆ ಹೇಳೂದು ಬೇಕ್ರಿ ಅಣ್ಣಾರ.”

“ಅವು ಅದಾವ. ಒಯ್ಯೋರು ಕಡಿಮಿ.” ಆತ ಒಳಗಿನಿಂದ ಎರಡು ಕರಿಯ ಸಣ್ಣ ಸ್ಪೀಕರುಗಳನ್ನು ತಂದಿಟ್ಟು ಧೂಳು ಒರೆಸಿದ.

ಸಂಘಮಿತ್ರಾ ಮೊದಲು ಸುಭಾಸನ ಹಾಡನ್ನು ಬಾಗಿಲ ಬಳಿಯ ದೊಡ್ಡ ಬಾಕ್ಸಿಗೆ ಹಚ್ಚಿದಳು. ಕಪಾಟಿನ ಗಾಜು ಜುಮ್ಮೆಂದಿತು. ಲೋಹಿತನ ಕಾಲು ತಾವಾಗಿಯೇ ಕುಣಿದವು. ಆಮೇಲೆ ಅದೇ ಹಾಡನ್ನು ಸಣ್ಣ ಸ್ಪೀಕರಿಗೆ ಹಚ್ಚಿದಳು.

“ಇದೇನಕ್ಕಾ, ಉಪವಾಸ ಬಿದ್ದವ್ರು ಹಾಡಿದಂಗೈತಿ!” ಎಂದ ಲೋಹಿತ.

ಹೂವಪ್ಪ ಸ್ಪೀಕರಿನ ಹತ್ತಿರ ಬಾಗಿ ಕೇಳಿದ. ಇನ್ನೊಮ್ಮೆ ಹಚ್ಚು ಎಂದು ಕೈಸನ್ನೆ ಮಾಡಿದ.

“ಇದು ಆರಿದ ಹಲಗಿ,” ಎಂದ ಕೊನೆಗೆ. “ಅವತ್ತ ಗೌಡ್ರ ಮನಿ ಮುಂದ ತಾಸುಗಟ್ಲೆ ಬಾರಿಸಾಕ ಹಚ್ಚಿದ್ರು. ನಡುವ ಕಾಸ್ಕೋತೇನ್ರಿ, ಒಂದ ಹಿಡಿ ಹುಲ್ಲು ಕೊಡ್ರಿ ಅಂದ್ರ, ಎತ್ತಿಗೇ ಇಲ್ಲ ನಿನಗೆಲ್ಲಿಂದ ತರೂದು ಅಂದ್ರು.”

ಹಲಗೆ ಬಾರಿಸುವವರು ಒಣಹುಲ್ಲಿನ ಉರಿಗೆ ಅದನ್ನು ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತಾರೆ. ಕಾಸಿದ ಹಲಗೆ ಖಣಖಣ ಅನ್ನುತ್ತದೆ. ಆರಿತೆಂದರೆ ದನಿ ಜೋಲು ಬೀಳುತ್ತದೆ. ದೊಡ್ಡ ಬಾಕ್ಸು ತನ್ನ ಬಾಸಿನಿಂದ ಆ ಜೋಲನ್ನು ಮುಚ್ಚಿ ಗುಡುಗು ಮಾಡಿತ್ತು. ಸಣ್ಣದು ಇದ್ದದ್ದನ್ನು ಇದ್ದ ಹಾಗೆ ಹೇಳಿತು.

“ಇವ ಬೇಕ್ರಿ,” ಎಂದಳು ಸಂಘಮಿತ್ರಾ. ಹೆಡ್‌ಫೋನೂ ನೋಡುವುದಿತ್ತು. ಬಾಸು ಉಬ್ಬಿಸುವಂಥವನ್ನು ಪಕ್ಕಕ್ಕಿಟ್ಟು, ಕಿವಿ ಪೂರ್ತಿ ಮುಚ್ಚುವ ಸಾದಾ ಒಂದನ್ನು ಆರಿಸಿ, ಅಪ್ಪನ ಟೊಪ್ಪಿಗೆ ತೆಗೆದು ಅವನ ತಲೆಗೆ ಹಾಕಿದಳು. ಅದೇ ಹಾಡು ಹಚ್ಚಿದಳು.

ಹೂವಪ್ಪ ಥಟ್ಟನೆ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

“ಏನಾತಪ್ಪಾ?”

“ಇದರಾಗ ನಾ ಅದೇನಿ.” ಅವನ ದನಿ ಸಣ್ಣದಾಗಿತ್ತು. “ಪೆಟ್ಟು ತಿರುಗಿಸೂ ಮುಂದ ಹೋಯ್ ಅಂತೇನಲ್ಲ, ಅದು ಐತಿ. ಅವನ ಹೆಸರಿನ ಬುಡಕ ಐತಿ. ನನ್ನ ದನಿ ಮ್ಯಾಲ ಅವ ನಿಂತಾನ.”

ಸಂಘಮಿತ್ರಾ ಹೆಡ್‌ಫೋನು ಇಸಿದುಕೊಂಡು ಕೇಳಿದಳು. ಸ್ಟುಡಿಯೋದ ಹರಕು ಸ್ಪೀಕರಿನಲ್ಲಿ ಇಷ್ಟು ದಿನ ಇದು ಅವಳ ಕಿವಿಗೂ ಬಿದ್ದಿರಲಿಲ್ಲ. ಸುಭಾಸ ತನ್ನ ಹೆಸರನ್ನು ಮನಸ್ಸು ಬಂದಲ್ಲಿ ಹಾಕಿರಲಿಲ್ಲ. ಹೂವಪ್ಪ ಎಲ್ಲೆಲ್ಲಿ ಕೂಗಿದ್ದನೋ ಅಲ್ಲಲ್ಲೇ ಹಾಕಿದ್ದ. ಪ್ರತಿ ಸಲವೂ ಅಲ್ಲೇ. ಕದಿಯುವಾಗ ಅವನಿಗೆ ತಾನು ಏನು ಕದಿಯುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು.

ಲೋಹಿತನೂ ಕೇಳಿದ. ಕೇಳಿ, ಲೈಟಿನ ಬಾಕ್ಸಿಗೆ ಬೆನ್ನು ಮಾಡಿ ನಿಂತ. “ಬಾಕ್ಸ್ ಬ್ಯಾಡ ಬಿಡಕ್ಕಾ. ಜಯಂತಿಗೆ ಯಲವಿಗಿಯಿಂದ ಬಾಡಿಗಿ ತರ್ತೇನಿ. ನೀ ಮೈಕು ನೋಡು.”

ಮುಜಮ್ಮಿಲ ಉದ್ದನೆಯ ಹೊಳೆಯುವ ಮೈಕೊಂದನ್ನು ಮುಂದಿಟ್ಟ. “ಇದು ಉಸಿರು ಸೈತ ಹಿಡಿತೈತ್ರಿ.”

“ನೋಡೂಣ್ರಿ. ಅಪ್ಪಾ, ಹಲಗಿ ಕಾಸು.”

ಸವಣೂರಿನ ಬಜಾರದಲ್ಲಿ ಹುಲ್ಲು ಎಲ್ಲಿ ಸಿಗಬೇಕು? ಹೂವಪ್ಪ ಅತ್ತಿತ್ತ ನೋಡಿ, ಬಾಗಿಲ ಹೊರಗೆ ಬಿದ್ದಿದ್ದ ರಟ್ಟಿನ ಡಬ್ಬಿಯೊಂದನ್ನು ಹರಿದು ಕಡ್ಡಿ ಗೀರಿದ.

“ಏ ಕಾಕಾ! ಅದು ವಾರಂಟಿ ಡಬ್ಬಿರಿ!”

“ಬಾರಿಸಿ ಮುಗಿಯೂಮಟ ಹಲಗಿಗೆ ಈ ಉರೀನ ವಾರಂಟಿರಿ ಸಾಬ್ರ,” ಎಂದು ಹೂವಪ್ಪ ಹಲಗೆಯನ್ನು ಉರಿಯ ಮೇಲೆ ತಿರುಗಿಸಿದ. ಬೆರಳಿನಿಂದ ತಟ್ಟಿ ನೋಡಿದ. ಇನ್ನಷ್ಟು ತಿರುಗಿಸಿದ. ಆಮೇಲೆ ಎದ್ದು ಒಳಗೆ ಬಂದು ಮೈಕಿನ ಮುಂದೆ ಬಾರಿಸಿದ.

ಬೀದಿ ಹೊರಳಿ ನೋಡಿತು. ಒಳಗೆ ಉಸಿರು ಹಿಡಿಯುವ ಮೈಕು ಮಾತ್ರ ಆ ಪೆಟ್ಟನ್ನು ತಾಳಲಿಲ್ಲ. ಸಂಘಮಿತ್ರಾ ತಂದಿದ್ದ ಲ್ಯಾಪ್‌ಟಾಪಿನ ಪರದೆಯಲ್ಲಿ ಕೆಂಪು ಗೆರೆ ಎದ್ದು ದನಿ ಸೀಳಿತು. ಮೈಕನ್ನು ದೂರ ಸರಿಸಿದರೆ ಪೆಟ್ಟಿಗಿಂತ ಬಜಾರದ ಹಾರ್ನುಗಳೇ ಮುಂದೆ ಬಂದವು. ಸಂಘಮಿತ್ರಾ ಅದನ್ನು ತೆಗೆದಿಟ್ಟು, ಭಜನೆಯವರು ಬೀಳಿಸಿ ಬೀಳಿಸಿ ಬಳಸುವಂಥ ಸಾದಾ ಮೈಕನ್ನು ಹಲಗೆಯ ಮುಖದ ಹತ್ತಿರ ಹಿಡಿದಳು. ದಪ್ಪ ಕೋಲಿನ ಪೆಟ್ಟು ಸರಿಯಾಗಿ ಬಿತ್ತು. ಎಡಗೈಯ ಸಣ್ಣ ಕಡ್ಡಿಯ ಚಿಟಿಚಿಟಿ ಬರಲಿಲ್ಲ.

“ಇಂಥದ ಇನ್ನೊಂದು ಮೈಕು ಕೊಡ್ರಿ. ಇಂಟರ್‌ಫೇಸೂ ಎರಡು ಮೈಕು ಹಾಕೂವಂಥದ್ದು.”

“ಒಂದ ಮೈಕಿಂದು ಸಾಕಲ್ಲ ತಂಗಿ. ಹಲಗಿ ಒಂದ ಐತಿ.”

“ಹಲಗಿ ಒಂದ ಐತ್ರಿ. ಕೈ ಎರಡು ಅದಾವ.”

ಕಂಟ್ರೋಲರ್ ಹಳೆಯದು ಸಿಕ್ಕಿತು. ಒಂದು ಗುಂಡಿ ಸಡಿಲವಿತ್ತು. ಮುಜಮ್ಮಿಲ ಅದಕ್ಕೆ ಫೆವಿಕ್ವಿಕ್ ಹಚ್ಚಲು ಹೋದಾಗ ಸಂಘಮಿತ್ರಾ ಕಸಿದುಕೊಂಡಳು. ಹೊರಡುವಾಗ ಆತ ಸುಟ್ಟ ಡಬ್ಬಿಯ ಬೂದಿ ನೋಡುತ್ತ ಹೇಳಿದ. “ಕಾಕಾ, ಹಾಡು ಆತಂದ್ರ ನನಗೂ ಕಳಸ್ರಿ. ನನ್ನ ಡಬ್ಬಿನೂ ಐತಿ ಅದರಾಗ.”

ಮನೆಯ ನಡುಕೋಣೆಯೇ ಸ್ಟುಡಿಯೋ ಆಯಿತು. ದನಿ ಗೋಡೆಗೆ ಬಡಿದು ವಾಪಸು ಬರಬಾರದೆಂದು ಸಂಘಮಿತ್ರಾ ಅವ್ವನ ಕೌದಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು ಇಳಿಬಿಟ್ಟಳು. “ನನ್ನ ಮದಿವಿ ಕೌದಿಗೆ ಮೊಳಿ ಹೊಡದೀಯಲ್ಲ ಹುಚ್ಚವ್ವಾ,” ಎಂದು ಬೈಯುತ್ತಲೇ ಅಡಿವೆವ್ವ ಹೊಸ್ತಿಲಾಚೆ ಹುಲ್ಲಿನ ಉರಿ ಆರದಂತೆ ನೋಡಿಕೊಂಡಳು. ಹಲಗೆ ಒಳಗೆ ತಂದು ಒಂದು ಸುತ್ತು ಬಾರಿಸುವಷ್ಟರಲ್ಲಿ ಆರುತ್ತಿತ್ತು. ಮತ್ತೆ ಹೊರಗೆ, ಮತ್ತೆ ಉರಿಗೆ, ಮತ್ತೆ ಒಳಗೆ. ಹೂವಪ್ಪ ಬೆವರಿನಲ್ಲಿ ತೊಯ್ದ. ಆರಿದ ಪೆಟ್ಟು ಒಂದೂ ಬೇಡ ಎಂದು ಅವನೇ ಹಟಕ್ಕೆ ಬಿದ್ದಿದ್ದ.

ಕೊನೆಗೆ ಉಳಿದದ್ದು ಹೆಸರು.

“ಅಪ್ಪಾ, ಈಗ ಮೈಕಿನ್ಯಾಗ ನಿನ್ನ ಹೆಸರ ಕೂಗು. ಹಾಡಿನ ಮೊದಲಿಗೆ ಬರಬೇಕು.”

ಹೂವಪ್ಪ ಗಂಟಲು ಸರಿ ಮಾಡಿಕೊಂಡ. ಒಂದು ಪೆಟ್ಟು ಹಾಕಿದ. ತಲೆ ಎತ್ತಿ ಕೂಗಿದ.

“ಕೇಳ್ರಪ್ಪೋ ಕೇಳ್ರಿ! ಗೌಡ್ರ ಅಪ್ಪಣಿ ಆಗೇತಿ...”

ಅಲ್ಲಿಗೆ ನಿಂತ. ತನ್ನ ಬಾಯಿಂದ ಬಂದದ್ದು ತನಗೇ ಕೇಳಿಸಿತ್ತು.

ಹರೆಯದಿಂದ ಅವನು ಹಲಗೆ ಬಡಿದು ಸಾರಿದ್ದೆಲ್ಲ ಮಂದಿಯ ಮಾತು. ನಲ್ಲಿಗೆ ನೀರು ಬರುವುದಿಲ್ಲ. ದನಗಳಿಗೆ ಚುಚ್ಚುಮದ್ದು ಹಾಕುವವರು ಬಂದಿದ್ದಾರೆ. ಗುಡಿಯ ಕಟ್ಟೆಯ ಮೇಲೆ ಸಭೆ ಇದೆ. ಆ ಸಭೆಯನ್ನು ಸಾರಿದವನೇ ಆ ಕಟ್ಟೆ ಹತ್ತುವಂತಿರಲಿಲ್ಲ. ಊರಿನ ಸುದ್ದಿಯೆಲ್ಲ ಆ ಬಾಯಿಂದ ಹೊರಟಿತ್ತು, ಅವನದೊಂದು ಸುದ್ದಿ ಬಿಟ್ಟು.

ಅಡಿವೆವ್ವ ಹೊಸ್ತಿಲಲ್ಲಿ ಬಂದು ನಿಂತಳು. “ಗೌಡ್ರು ನಿನ್ನ ಬಾಯಾಗ ಮನಿ ಕಟ್ಯಾರೇನು? ನಿನ್ನ ಹೆಸರ ಹೇಳಂದ್ರ ಅವರ ಹೆಸರ ಹೇಳ್ತೀಯಲ್ಲ!”

ಯಾರೂ ನಗಲಿಲ್ಲ. ಹೂವಪ್ಪ ಹೊರಗೆ ಹೋಗಿ ಹಲಗೆಯನ್ನು ಇನ್ನೊಮ್ಮೆ ಕಾಸಿಕೊಂಡು ಬಂದ. ಕಣ್ಣು ಮುಚ್ಚಿದ.

“ಕೇಳ್ರಪ್ಪೋ ಕೇಳ್ರಿ! ಈ ಹಲಗಿ ಹೂವಪ್ಪಂದು! ಬಾರ್ಸೂ ಕೈ ಹೂವಪ್ಪಂದು!”

ಸಂಘಮಿತ್ರಾ ಅದನ್ನು ಹಾಗೆಯೇ ಇಟ್ಟಳು. ಹೋಯ್ ಎಂದಲ್ಲೆಲ್ಲ ಉಳಿದ ದನಿಗಳನ್ನು ತಗ್ಗಿಸಿ, ಆ ಕೂಗಿಗೆ ಜಾಗ ಬಿಟ್ಟಳು.

ಹಾಡು ಮೊಬೈಲಿನಿಂದ ಮೊಬೈಲಿಗೆ ಹೋಯಿತು. ತಡಸದ ಒಂದು ಮದುವೆಯಲ್ಲಿ ಬಾಕ್ಸಿನವನು ಹಚ್ಚಿದ. ದುಂಡಸಿ ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಕೊಡುತ್ತ “ಈ ಹಲಗಿ ಹೂವಪ್ಪಂದು” ಎಂದು ಗುನುಗಿದ. ಸುಭಾಸ ಸಂಘಮಿತ್ರಾಗೆ ಫೋನು ಮಾಡಿ ಒದರಿದ. “ನನ್ನ ಬೀಟ್ ಕದ್ದೀಯಲ್ಲ, ಪೊಲೀಸ್ ಕಂಪ್ಲೇಂಟ್ ಕೊಡ್ತೇನಿ!”

“ಕೊಡು. ನಾನೂ ಬರ್ತೇನಿ, ಹೆಡ್‌ಫೋನ್ ತಗೊಂಡು. ನಿನ್ನ ಹೆಸರಿನ ಬುಡಕ ಯಾರು ಕೂಗಾಕತ್ತಾರಂತ ಅವರಿಗೂ ಕೇಳಸೂಣು.”

ಸುಭಾಸ ಫೋನಿಟ್ಟ. ಆಮೇಲೆ ಬಂದವನು ಅವನ ಅಪ್ಪ.

ಜಯಂತಿಯ ಹಿಂದಿನ ದಿನ. ಅಂಗಳದಲ್ಲಿ ಹುಲ್ಲು ಉರಿಯುತ್ತಿತ್ತು, ಹೂವಪ್ಪ ನಾಳೆಯ ಮೆರವಣಿಗೆಗೆಂದು ಕೇರಿಯ ಹುಡುಗಿಯರಿಗೆ ಪೆಟ್ಟು ಹೇಳಿಕೊಡುತ್ತಿದ್ದ. ಶಿದ್ಲಿಂಗಪ್ಪ ಕೇರಿಯ ಒಳಗೆ ಕಾಲಿಡಲಿಲ್ಲ. ಅದರ ಅಂಚಿನ ಬೇವಿನ ಮರದ ಆಚೆ ನಿಂತೇ ಕೂಗಿದ.

“ಏ ಹೂವ್ಯಾ! ಊರಾಗ ಒಂದ ಡಂಗುರ ಹೊಡಿಯೂದೈತಿ, ಬಾ.”

ಹೂವಪ್ಪ ಹೋದ. ಹಿಂದೆಯೇ ಸಂಘಮಿತ್ರಾ, ಲೋಹಿತ, ಅಡಿವೆವ್ವ ಹೋದರು.

“ನಾಳಿ ನಿಮ್ಮ ಮೆರವಣಿಗಿ ಕೇರಿ ಒಳಗಷ್ಟ. ಊರ ಓಣ್ಯಾಗ ಬರಂಗಿಲ್ಲ, ಬಾಕ್ಸ್ ಹಚ್ಚಂಗಿಲ್ಲ, ಆ ನಿನ್ನ ಹಾಡಂತೂ ಕೇಳಸಂಗೇ ಇಲ್ಲ. ಹಿರ್ಯಾರೆಲ್ಲ ಕೂಡಿ ಮಾತಾಡೇವಿ. ಎಲ್ಲಾ ಓಣ್ಯಾಗೂ ಸಾರಿ ಬಾ.”

“ನಮ್ಮ ಮೆರವಣಿಗಿಗೆ ಬ್ಯಾಡನ್ನೂದನ್ನ ನಮ್ಮ ಅಪ್ಪನ ಸಾರಬೇಕೇನ್ರಿ?” ಎಂದಳು ಸಂಘಮಿತ್ರಾ.

“ನಿನ್ನ ಕೇಳಿಲ್ಲ ನಾ. ಮೊದಲಿಂದ ಸಾರಾಂವ ಅವನ. ಮತ್ಯಾರು ಸಾರ್ತಾರ?”

“ನಿಮ್ಮ ಮಗನ ಬಾಕ್ಸ್ ಅದಾವಲ್ರಿ ಗೌಡ್ರ,” ಅಡಿವೆವ್ವ ಸೆರಗು ಬಿಗಿದಳು. “ಅದರಾಗ ಕೂಗಸ್ರಿ. ಮ್ಯಾಲ ನಿಮ್ಮ ಹೆಸರೂ ಹಾಕ್ತಾನ.”

ಶಿದ್ಲಿಂಗಪ್ಪ ಅವಳತ್ತ ನೋಡದೆ ಹೂವಪ್ಪನ ಬಗಲಿನ ಹಲಗೆಯತ್ತ ನೋಡಿದ. “ಕಾಸಿದ್ದ ಐತಲ್ಲ. ಇಲ್ಲಿಂದನ ಸುರು ಮಾಡು.”

ಹೂವಪ್ಪ ಹಲಗೆಯನ್ನು ಎದೆಗೆ ಏರಿಸಿದ. ದಪ್ಪ ಕೋಲು ಎತ್ತಿದ. ಸಂಘಮಿತ್ರಾ ‘ಅಪ್ಪಾ’ ಎಂದಳು, ಅದು ಅವನಿಗೆ ಕೇಳಿಸಲಿಲ್ಲ. ಪೆಟ್ಟು ಬಿತ್ತು. ಖಣ್ಣೆಂದು ಬಿದ್ದ ಆ ಪೆಟ್ಟಿಗೆ ಕೇರಿಯ ಬಾಗಿಲುಗಳು ತೆರೆದವು, ಆಚೆ ಊರಿನ ಓಣಿಯಲ್ಲೂ ಕಟ್ಟೆಯಿಂದ ಜನ ಎದ್ದರು. ಶಿದ್ಲಿಂಗಪ್ಪ ಕೆಲಸವಾಯಿತೆಂಬಂತೆ ತಲೆದೂಗಿ ಹೊರಳಿದ.

“ಕೇಳ್ರಪ್ಪೋ ಕೇಳ್ರಿ!” ಹೂವಪ್ಪನ ದನಿ ಎರಡೂ ಕಡೆ ಮುಟ್ಟಿತು. “ಗೌಡ್ರು ಒಂದ ಮಾತ ಸಾರಂತ ಹೇಳ್ಯಾರ! ಹೂವಪ್ಪ ಸಾರಂಗಿಲ್ಲ!”